ಮೂರು ಟೊಮೆಟೊ ಎತ್ತಿದರೆ ಯಾವುದು ಸಿಕ್ಕೀತು? ಸಂಭವನೀಯತೆಯ ಲೆಕ್ಕ ಹೀಗೆ ಮಾಡಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ಒಂದು ದೊಡ್ಡ ಲಾಟಿನಲ್ಲಿ ನೂರಕ್ಕೆ 60 ದಪ್ಪ ಹಣ್ಣು, 30 ಸಣ್ಣವು, 10 ಒಡೆದವು ಎಂದಿಟ್ಟುಕೊಳ್ಳಿ. ನೋಡದೆ ಮೂರು ಎತ್ತಿದರೆ ಬಗೆಗೊಂದರಂತೆ ಸಿಗುವ ಸಂಭವನೀಯತೆ ಎಷ್ಟು?

ಮೊದಲು ಒಂದೇ ಕ್ರಮ ಹಿಡಿಯಿರಿ: ದಪ್ಪ, ಸಣ್ಣ, ಒಡೆದದ್ದು. ಲಾಟು ದೊಡ್ಡದಾದ್ದರಿಂದ ಒಂದು ಹಣ್ಣು ತೆಗೆದರೆ ಪ್ರಮಾಣ ಕದಲುವುದಿಲ್ಲ ಎನ್ನಬಹುದು, ಆಯ್ಕೆಗಳು ಸ್ವತಂತ್ರ. ಆದ್ದರಿಂದ ಗುಣಿಸಿ: 0.6 × 0.3 × 0.1 = 0.018.

ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳು ಇಲ್ಲಿಗೇ ನಿಲ್ಲಿಸಿ ಅಂಕ ಕಳೆದುಕೊಳ್ಳುತ್ತಾರೆ. ಒಡೆದದ್ದು ಮೊದಲೇ ಕೈಗೆ ಬರಬಹುದಲ್ಲ? ಮೂರು ಬಗೆಗಳನ್ನು 3 × 2 × 1 = 6 ರೀತಿಯಲ್ಲಿ ಸಾಲಿಡಬಹುದು. ಪ್ರತಿ ಸಾಲಿಗೂ ಅದೇ 0.018. ಉತ್ತರ 6 × 0.018 = 0.108.

ಹಾಗಂತ ಎಲ್ಲ ಕಡೆ 6 ಹಾಕಬೇಡಿ. ಎರಡು ದಪ್ಪ, ಒಂದು ಸಣ್ಣದು ಬೇಕೆಂದರೆ ಸಾಲುಗಳು ಮೂರೇ: ದದಸ, ದಸದ, ಸದದ. ದಪ್ಪ ಹಣ್ಣುಗಳೆರಡು ತಮ್ಮತಮ್ಮಲ್ಲೇ ಜಾಗ ಬದಲಿಸಿದರೆ ಹೊಸ ಸಾಲು ಹುಟ್ಟುವುದಿಲ್ಲ. ಅದಕ್ಕೇ 6ನ್ನು 2ರಿಂದ ಭಾಗಿಸುವುದು. 3 × 0.6 × 0.6 × 0.3 = 0.324. ಐದು ಹಣ್ಣಿನಲ್ಲಿ ಮೂರು ದಪ್ಪ, ಒಂದು ಸಣ್ಣ, ಒಂದು ಒಡೆದದ್ದು ಕೇಳಿದರೆ ಐದನ್ನು ಸಾಲಿಡುವ ರೀತಿ 5 × 4 × 3 × 2 × 1 = 120, ಮೂರು ದಪ್ಪ ಹಣ್ಣು ತಮ್ಮಲ್ಲೇ ಜಾಗ ಬದಲಿಸುವುದು 6 ರೀತಿ; 120 ÷ 6 = 20 ಸಾಲುಗಳು. ಒಂದು ಸಾಲಿಗೆ 0.6 × 0.6 × 0.6 × 0.3 × 0.1 = 0.00648; ಉತ್ತರ 20 × 0.00648 = 0.1296.

ಒಂದಾದರೂ ಒಡೆದದ್ದು ಸಿಗುವುದೇ? ಕೂಡುತ್ತಾ ಕೂರಬೇಡಿ. ಮೂರರಲ್ಲಿ ಒಂದೂ ಒಡೆಯದಿರುವುದು 0.9 × 0.9 × 0.9 = 0.729, ಒಂದರಿಂದ ಕಳೆದರೆ 0.271.

ತಾಳೆ ನೋಡಲು, ಮೂರು ಹಣ್ಣಿನ ಹತ್ತೂ ಬಗೆಯ ಕೂಟಗಳ ಉತ್ತರ ಕೂಡಿಸಿ. ಸರಿಯಾಗಿ 1 ಬರಬೇಕು. ಕಮ್ಮಿ ಬಂದರೆ ಯಾವುದೋ ಸಾಲು ಬಿಟ್ಟಿದ್ದೀರಿ.

ತಟ್ಟೆಯಲ್ಲಿ ಹತ್ತೇ ಹಣ್ಣಿದ್ದು (6, 3, 1), ಎತ್ತಿದ್ದನ್ನು ವಾಪಸ್ ಇಡದಿದ್ದರೆ ಈ ಲೆಕ್ಕ ನಡೆಯದು. ಛೇದ ಇಳಿಯುತ್ತಾ ಹೋಗುತ್ತದೆ: 6/10 × 3/9 × 1/8 = 0.025. ಆರು ಪಟ್ಟು 0.15. ಎಲ್ಲಿ 0.108, ಎಲ್ಲಿ 0.15!

ಇನ್ನೊಂದು ಎಚ್ಚರ ಕೈಗೆ ಸಂಬಂಧಿಸಿದ್ದು. ಮೇಲಿನ ಪದರದಿಂದಲೇ ಎತ್ತಿದರೆ, ಭಾರಕ್ಕೆ ತಳದಲ್ಲಿ ಒಡೆದವು ಲೆಕ್ಕಕ್ಕೇ ಬರುವುದಿಲ್ಲ. ಬಾಕ್ಸ್‌ಗಳಿಗೆ ನಂಬರ್ ಹಾಕಿ, ಚೀಟಿ ಎತ್ತಿ ಬಾಕ್ಸ್ ಆರಿಸಿ, ಬುಡಮೇಲು ಸುರಿದು ಕಲಸಿ, ಆಮೇಲೆ ಒಂದೊಂದರಿಂದ ಒಂದೇ ಹಣ್ಣು ತೆಗೆಯಿರಿ.