ಕರಡು ಪ್ರತಿಗೆ ಇಸ್ತ್ರಿ ಬೇಡ

ಹೋದ ಮಳೆಗಾಲದಲ್ಲಿ ಒಬ್ಬರು ತಮ್ಮ ತಂದೆಯ ಕಾದಂಬರಿಯ ಹಸ್ತಪ್ರತಿ ಹೊತ್ತು ತಂದರು. ತಂದೆ ತೀರಿಕೊಂಡು ಎರಡು ವರ್ಷ. ಮಗ ಬಲು ಶ್ರದ್ಧಾವಂತ. ಮುದುರಿದ ಹಾಳೆಗಳಿಗೆಲ್ಲ ಮನೆಯಲ್ಲೇ ಇಸ್ತ್ರಿ ಹಾಕಿ, ಹರಿದ ಕಡೆ ಸೆಲೋಟೇಪ್ ಅಂಟಿಸಿ, ಅಧ್ಯಾಯವಾರು ಜೋಡಿಸಿದ್ದರು. ಚಿತ್ತುಕಾಟು ಜಾಸ್ತಿ ಇದ್ದ ಹಾಳೆಗಳು ರದ್ದಿಗೆ ಹೋಗಿದ್ದವು. ಉಳಿದವನ್ನು ಲ್ಯಾಮಿನೇಟ್ ಮಾಡಿಸಲೂ ಹೊರಟಿದ್ದರಂತೆ. ಅಂಗಡಿಯವನು ಪುಟಕ್ಕೆ 20 ರೂಪಾಯಿ ಅಂದಿದ್ದಕ್ಕೆ ಬಿಟ್ಟರು. ಆ ಅಂಗಡಿಯವನಿಗೆ ನಾನು ಋಣಿ.

ಅಚ್ಚಾದ ಕಾದಂಬರಿ ಯಾವ ಗ್ರಂಥಾಲಯದಲ್ಲಾದರೂ ಸಿಕ್ಕೀತು. ಲೇಖಕ ಎಲ್ಲಿ ತಡವರಿಸಿದ, ಯಾವ ಪಾತ್ರವನ್ನು ಮೂರು ಸಲ ಕೊಂದು ಮತ್ತೆ ಬದುಕಿಸಿದ ಅನ್ನುವುದು ಗೊತ್ತಾಗುವುದು ರದ್ದಿಗೆ ಹೋದ ಆ ಹಾಳೆಗಳಿಂದ. ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿ ಇಷ್ಟು ವರ್ಷ ಕೂತು ನಾನು ನೋಡಿದ ಹಾನಿಯಲ್ಲಿ ಗೆದ್ದಲಿನ ಪಾಲಿಗಿಂತ ಪ್ರೀತಿಯ ಪಾಲು ದೊಡ್ಡದು. ಆದ್ದರಿಂದ ಮನೆಯಲ್ಲಿ ಯಾರಾದರೂ ಬರೆಯುವವರು ಇದ್ದರೆ, ಇದ್ದಿದ್ದರೆ, ಇದನ್ನು ಓದಿ.

ಮೊದಲು: ಇದ್ದಲ್ಲೇ ಫೋಟೊ

ಟ್ರಂಕು, ಕಪಾಟು, ಮೇಜಿನ ಖಾನೆ ಎಲ್ಲಿದ್ದರೂ ಸರಿ. ಕೈ ಹಾಕುವ ಮೊದಲು ಮೊಬೈಲಿನಲ್ಲಿ ಹತ್ತಾರು ಫೋಟೊ ತೆಗೆದುಕೊಳ್ಳಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಸಿನಿಮಾದಲ್ಲಿ ಹಾಕುವ ಬಿಳಿ ಹತ್ತಿ ಕೈಗವಸು ಬೇಡ. ಬೆರಳಿಗೆ ಹಾಳೆಯ ಅಂಚು ತಿಳಿಯದೆ ಇನ್ನಷ್ಟು ಹರಿಯುತ್ತೀರಿ.

ಆಮೇಲೆ: ಕ್ರಮ ಕೆಡಿಸಬೇಡಿ, ನಂಬರು ಹಾಕಿ

ಯಾವ ಕಟ್ಟಿನ ಮೇಲೆ ಯಾವ ಕಟ್ಟಿತ್ತು, ಯಾವ ಪತ್ರ ಯಾವ ಅಧ್ಯಾಯದ ನಡುವೆ ಸಿಕ್ಕಿಕೊಂಡಿತ್ತು ಅನ್ನುವುದೂ ಮಾಹಿತಿಯೇ. ಕಟ್ಟಿಗೊಂದು ನಂಬರು, ಹಾಳೆಗೊಂದು ನಂಬರು. 2ಬಿ ಪೆನ್ಸಿಲ್ಲಿನಲ್ಲಿ, ಹಾಳೆಯ ಹಿಂಬದಿಯ ಮೂಲೆಯಲ್ಲಿ, ಒತ್ತದೆ, ಸಣ್ಣದಾಗಿ. ಪೆನ್ನು, ರಬ್ಬರ್ ಸ್ಟ್ಯಾಂಪು, ಬಣ್ಣದ ಸ್ಟಿಕ್ಕರ್ ಯಾವುದೂ ಬೇಡ. ಹಳದಿ ಅಂಟುಚೀಟಿಯಂತೂ ಬೇಡವೇ ಬೇಡ. ಕಿತ್ತ ಮೇಲೂ ಅದರ ಅಂಟು ಕಾಗದದಲ್ಲಿ ಉಳಿದು ಧೂಳು ಹಿಡಿಯುತ್ತದೆ.

ಹಾಳೆಯ ಹಿಂಬದಿ ನೋಡಲು ಮರೆಯಬೇಡಿ. ನಮ್ಮ ಲೇಖಕರಲ್ಲಿ ಮೇಷ್ಟ್ರುಗಳೇ ಹೆಚ್ಚು. ಕಾಗದ ದುಬಾರಿ ಇದ್ದ ಕಾಲ. ನನ್ನ ಕೈಗೆ ಬಂದ ಒಂದು ನಾಟಕದ ಕರಡು ಪೂರ್ತಿ ಕಾಲೇಜಿನ ಸೈಕ್ಲೋಸ್ಟೈಲ್ ಸುತ್ತೋಲೆಗಳ ಬೆನ್ನ ಮೇಲಿತ್ತು. ಕರಡಿನಲ್ಲಿ ತಾರೀಖಿಲ್ಲ. ಸುತ್ತೋಲೆಯಲ್ಲಿತ್ತು, 1968ರ ಜುಲೈ. ಅದಕ್ಕಿಂತ ಮೊದಲು ಆ ದೃಶ್ಯ ಬರೆದಿರಲು ಸಾಧ್ಯವಿಲ್ಲ ಅನ್ನುವುದು ಖಾತ್ರಿಯಾಯಿತು. ಮನೆಯವರು "ಹಿಂದುಗಡೆ ಕಾಲೇಜಿನ ಕಸ" ಅಂತ ಮುಂಬದಿ ಮಾತ್ರ ಜೆರಾಕ್ಸ್ ಮಾಡಿಸಿಟ್ಟಿದ್ದರು.

ಗುಂಡುಸೂಜಿ: ಇಲ್ಲಿ ಉಸಿರು ಬಿಗಿಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲೇ. ತುಕ್ಕು ಹಿಡಿದ ಗುಂಡುಸೂಜಿ ಕಂಡ ತಕ್ಷಣ ತಲೆ ಹಿಡಿದು ಎಳೆಯುತ್ತಾರೆ. ತುಕ್ಕು ಅಷ್ಟರಲ್ಲಿ ಕಾಗದದ ನಾರಿಗೆ ಅಂಟಿಕೊಂಡಿರುತ್ತದೆ. ಸೂಜಿಯ ಜೊತೆ ಮೂಲೆಯೂ ಬರುತ್ತದೆ, ಮೂಲೆಯಲ್ಲಿದ್ದ ಪುಟಸಂಖ್ಯೆಯೂ ಬರುತ್ತದೆ.

ಹೀಗೆ ಮಾಡಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಕು ಪಕ್ಕದಿಂದ ಬೀಳಲಿ. ಹಳೇ ಓಎಚ್‌ಪಿ ಹಾಳೆ (ಪ್ರೊಜೆಕ್ಟರಿಗೆ ಹಾಕುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮನೆಯಲ್ಲಿದ್ದರೆ ಎರಡು ಬೆರಳಗಲದ ಪಟ್ಟಿ ಕತ್ತರಿಸಿಕೊಳ್ಳಿ. ಕಟ್ಟನ್ನು ಮಗುಚಿ. ಸೂಜಿ ಹಿಂಬದಿಯಲ್ಲಿ ಒಂದಷ್ಟು ದೂರ ಓಡಿ ಮತ್ತೆ ಮುಂದಕ್ಕೆ ಹೊರಟಿರುತ್ತದೆ. ಆ ಓಡಿದ ಭಾಗದ ಕೆಳಗೆ ಪಟ್ಟಿಯನ್ನು ನಿಧಾನವಾಗಿ ತೂರಿಸಿ. ತೂರುವಾಗ ಕಿರ್ ಅನ್ನುತ್ತದೆ. ತುಕ್ಕು ಬಿಡುತ್ತಿರುವ ಸದ್ದು ಅದು. ತೂರದಿದ್ದರೆ ಬಲವಂತ ಬೇಡ, ಕಾಗದವನ್ನು ಆಚೀಚೆ ಕೂದಲೆಳೆಯಷ್ಟು ಬಾಗಿಸಿ ಮತ್ತೆ ನೋಡಿ. ಪಟ್ಟಿ ಒಳಗೆ ಹೋದ ಮೇಲೆ, ವಾಚ್ ರಿಪೇರಿಯವರ ಬಳಿ ಇರುವಂಥ ಸಣ್ಣ ಕಟರ್‌ನಿಂದ ಸೂಜಿಯನ್ನು ಸರಿಯಾಗಿ ನಡುವೆ ಕತ್ತರಿಸಿ. ತುಂಡು ಸಿಡಿಯುತ್ತದೆ, ಮೇಲೊಂದು ಬೆರಳಿಟ್ಟುಕೊಳ್ಳಿ. ಈಗ ಎರಡು ಗಿಡ್ಡ ತುಂಡುಗಳು. ಒಂದನ್ನು ತಲೆಯ ಕಡೆಯಿಂದ, ಇನ್ನೊಂದನ್ನು ಮೊನೆಯ ಕಡೆಯಿಂದ ಚಿಮಟದಲ್ಲಿ ನೆಟ್ಟಗೆ ತೆಗೆಯಿರಿ. ಸ್ಟೇಪ್ಲರ್ ಪಿನ್ನಾದರೆ ಹಿಂದಿನ ಎರಡು ಕಾಲು ಬಿಡಿಸಿ ನೇರ ಮಾಡಿ, ಮುಂದಿನಿಂದ ಎತ್ತಿ. ಹಲ್ಲಿರುವ ಸ್ಟೇಪಲ್ ರಿಮೂವರ್ ಮನೆಯಲ್ಲಿದ್ದರೆ ಅದನ್ನು ಮೊದಲು ಹೊರಗೆ ಎಸೆದು ಬನ್ನಿ.

ಒಂದು ಕಟ್ಟಿಗೆ ಒಂದು ಸಂಜೆ ಬೇಕಾದೀತು. ಬೇಕಾಗಲಿ.

ಇನ್ನೊಂದು ಸೂಕ್ಷ್ಮ. ಕೆಲವು ಸೂಜಿಗಳು ಬರೀ ಹಾಳೆ ಹಿಡಿದಿರುವುದಿಲ್ಲ. ಹಳೆ ಪ್ಯಾರಾದ ಮೇಲೆ ಹೊಸ ಪ್ಯಾರಾ ಬರೆದ ಚೀಟಿ ಚುಚ್ಚಿರುತ್ತಾರೆ. ಚೀಟಿ ಮುಚ್ಚಿದ ಹಾಗೆ ಒಂದು ಫೋಟೊ, ಎತ್ತಿ ಹಿಡಿದು ಕೆಳಗಿನ ಸಾಲು ಕಾಣುವ ಹಾಗೆ ಇನ್ನೊಂದು ಫೋಟೊ ತೆಗೆದ ಮೇಲೇ ಸೂಜಿ ಮುಟ್ಟಿ. ಗೋಂದು ಹಚ್ಚಿ ಅಂಟಿಸಿದ ಚೀಟಿಯನ್ನು ಬಿಡಿಸಲು ಹೋಗಬೇಡಿ, ಕುತೂಹಲ ಎಷ್ಟೇ ಇರಲಿ. ಸೂಜಿ ತೆಗೆದ ಜಾಗಕ್ಕೆ ಹೊಸ ಕ್ಲಿಪ್ಪೂ ಹಾಕಬೇಡಿ. ಒಂದು ಖಾಲಿ ಹಾಳೆ ಮಡಿಸಿ ಅದರೊಳಗೆ ಅಷ್ಟೂ ಹಾಳೆ ಇಟ್ಟು, "14ರಿಂದ 22, ಸೂಜಿ ಇತ್ತು" ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ.

ಸೆಲೋಟೇಪಿನ ಕಥೆ ಬೇರೆ. ಹಳೆಯದಾದರೆ ಮೇಲಿನ ಪ್ಲಾಸ್ಟಿಕ್ ಹಪ್ಪಳದಂತೆ ತಾನೇ ಉದುರುತ್ತದೆ, ಕಂದು ಕಲೆ ಉಳಿಯುತ್ತದೆ. ಉಳಿಯಲಿ. ಇನ್ನೂ ಅಂಟಿಕೊಂಡಿದ್ದರೆ ಹಾಗೇ ಬಿಡಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹಚ್ಚಿದರೆ ಬಾಲ್‌ಪೆನ್ನಿನ ಶಾಯಿ ಹರಡುತ್ತದೆ. ನೀರು ಹಚ್ಚಿದರೆ ಫೌಂಟನ್ ಪೆನ್ನಿನ ನೀಲಿ ಶಾಯಿ ಹೊಳೆಯಾಗುತ್ತದೆ. ಹರಿದ ಹಾಳೆಗೆ ಜಪಾನೀ ತೆಳುಕಾಗದ, ಗೋಧಿ ಗಂಜಿಯ ಅಂಟೇ ಆಗಬೇಕು. ಮುಂದೆ ಆ ಅಂಟು ತೆಗೆಯಬೇಕೆಂದರೆ ತೇವ ಕೊಟ್ಟು ತೆಗೆಯಬಹುದು. ಅದು ಕೈ ಪಳಗಿದವರ ಕೆಲಸ. ನೀವು ಹರಿದ ತುಂಡನ್ನು ಕಳೆಯದೆ ಒಂದು ಲಕೋಟೆಗೆ ಹಾಕಿಟ್ಟರೆ ಸಾಕು.

ಧೂಳು, ಹುಳ

ಮೆತ್ತನೆ ಬ್ರಶ್‌ನಲ್ಲಿ ನಡುವಿನಿಂದ ಅಂಚಿಗೆ ಒರೆಸಿ. ಬೂಷ್ಟು ಹಿಡಿದಿದ್ದರೆ ಉಳಿದವುಗಳಿಂದ ಬೇರೆ ಇಟ್ಟು, ಮಾಸ್ಕ್ ಹಾಕಿಕೊಂಡೇ ಮುಟ್ಟಿ.

ಹುಳ ಓಡಾಡುತ್ತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಸೀಲ್ ಮಾಡಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬೆವರು ಚೀಲದ ಹೊರಗೆ ಕೂರಲಿ. ನುಸಿಗುಳಿಗೆಯ ಹೊಗೆ ಹುಳಕ್ಕಿಂತ ಹೆಚ್ಚು ಓದುವವರಿಗೆ ಕೆಟ್ಟದು. ಓಲೆಗರಿಗೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚುವುದನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ನೋಡಿ ಬಂದು ಕಾಗದಕ್ಕೂ ಸವರಿದವರಿದ್ದಾರೆ. ಗರಿಗೆ ಅದು ಮೆದುತನ ಕೊಡುತ್ತದೆ. ಕಾಗದ ಬೋಂಡಾ ಕಟ್ಟಿದ ಪೇಪರಿನಂತಾಗುತ್ತದೆ.

ಹೊದಿಕೆ, ಜಾಗ

ಲ್ಯಾಮಿನೇಶನ್ ಒಮ್ಮೆ ಮಾಡಿದರೆ ಬಿಡಿಸುವಂತಿಲ್ಲ, ಮಾತು ಮುಗಿಯಿತು. ಬಗ್ಗುವ, ವಾಸನೆ ಹೊಡೆಯುವ ಪಿವಿಸಿ ಫೋಲ್ಡರುಗಳು ಶಾಯಿಯನ್ನು ತಮ್ಮ ಮೈಗೆ ಎಳೆದುಕೊಳ್ಳುತ್ತವೆ. ಪತ್ರಿಕೆಯಲ್ಲಿ ಸುತ್ತಬೇಡಿ, ನೀವು ಓದುತ್ತಿರುವ ಈ ಪುರವಣಿಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಅಗ್ಗದ ಮರದ ತಿರುಳಿನ ಕಾಗದದ ಆಮ್ಲ ಪಕ್ಕದ ಹಾಳೆಗೂ ಹತ್ತುತ್ತದೆ. ಆಮ್ಲರಹಿತ ಫೋಲ್ಡರು, ರಟ್ಟಿನ ಪೆಟ್ಟಿಗೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನನ್ನ ಆಯ್ಕೆ ನಾಲ್ಕು ಸಲ ಒಗೆದ, ಬಣ್ಣ ಹಾಕದ ಖಾದಿ. ಹಳೆ ಕಡತಗಳ ಕೆಂಪು ಬಟ್ಟೆಗೆ ನೀರು ಬಿದ್ದರೆ ಬಣ್ಣ ಬಿಡುತ್ತದೆ.

ಅಟ್ಟ ಬೇಡ, ನೆಲ ಬೇಡ, ಬಚ್ಚಲಿನ ಗೋಡೆಯ ಪಕ್ಕ ಬೇಡ. ತೇವಾಂಶ ಶೇ 45ರಿಂದ 55ರ ಆಸುಪಾಸಿನಲ್ಲಿರಬೇಕು. 65 ದಾಟಿದರೆ ಬೂಷ್ಟಿಗೆ ಹಬ್ಬ. ತೀರ್ಥಹಳ್ಳಿ, ಕುಂದಾಪುರದ ಕಡೆಯವರಿಗೆ ಆಷಾಢದಲ್ಲಿ ಈ ಅಂಕಿ ಕೇಳಿದರೆ ನಗು ಬಂದೀತು. ಅಂಥವರು ಮಳೆಗಾಲಕ್ಕೆ ಮೊದಲೇ ಒಳನಾಡಿನ ನೆಂಟರ ಮನೆಗೋ ಗ್ರಂಥಾಲಯಕ್ಕೋ ಸಾಗಿಸುವುದು ಲೇಸು.

ಸ್ಕ್ಯಾನ್

400 ಡಿಪಿಐ (ಅಂಗುಲಕ್ಕೆ 400 ಚುಕ್ಕಿ), ಬಣ್ಣದಲ್ಲಿ, ಟಿಫ್ ಕಡತವಾಗಿ, ಅಂದರೆ ವಿವರ ಕಳೆಯದ ಚಿತ್ರವಾಗಿ. ಖಾಲಿ ಬೆನ್ನನ್ನೂ ಬಿಡದೆ. ಮೊಬೈಲಿನ ಸ್ಕ್ಯಾನರ್ ಆ್ಯಪ್‌ಗಳು ತಾವಾಗಿಯೇ ಕಪ್ಪು-ಬಿಳುಪು ಮಾಡಿ ಹಾಳೆಯನ್ನು "ಸ್ವಚ್ಛ" ಮಾಡುತ್ತವೆ. ಆ ಸ್ವಚ್ಛತೆಯಲ್ಲಿ ಅಂಚಿನ ಪೆನ್ಸಿಲ್ ಟಿಪ್ಪಣಿ ಮಾಯ. ಆ ಫಿಲ್ಟರ್ ಆಫ್ ಮಾಡದೆ ಶುರು ಮಾಡಬೇಡಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ರದ್ದಿಗೆ ಕೊಟ್ಟವರೂ ಇದ್ದಾರೆ; ಅವರ ಬಗ್ಗೆ ಬರೆದರೆ ನನ್ನ ರಕ್ತದೊತ್ತಡ ಏರುತ್ತದೆ.

ಕಂಪ್ಯೂಟರಿನಲ್ಲಿ ಬರೆದವರದ್ದು ಇನ್ನೂ ಅವಸರದ ಕೆಲಸ. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪಿಸಿದ್ದು ಆಯಾ ಫಾಂಟ್ ಇಲ್ಲದೆ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಮೂಲ ಕಡತ, ಜೊತೆಗೆ ಆ ಫಾಂಟ್, ಒಂದು ಪಿಡಿಎಫ್, ಒಂದು ಯೂನಿಕೋಡ್ ಪ್ರತಿ ಇಷ್ಟನ್ನೂ ಒಟ್ಟಿಗೆ ಇಡಿ. ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೈಕೊಡುತ್ತವೆ, ಪಿಡಿಎಫ್‌ಗೆ ಹೋಲಿಸಿ ನೋಡಿ. ಕಡತದ ಹೆಸರು "ಫೈನಲ್ 2 ಹೊಸದು" ಅಂತಿದ್ದರೂ ಬದಲಿಸಬೇಡಿ.

ಗ್ರಂಥಾಲಯಕ್ಕೆ ಕೊಡುವಾಗ

ಕೇಂದ್ರ ಸರ್ಕಾರ 2003ರಲ್ಲಿ ಶುರು ಮಾಡಿದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಲೆಕ್ಕದಲ್ಲಿ ಕನಿಷ್ಠ 75 ವರ್ಷ ಹಳೆಯ ಕೈಬರಹ ಮಾತ್ರ ಹಸ್ತಪ್ರತಿ. ನವ್ಯದವರ 1960, 70ರ ದಶಕದ ಕರಡು ಅದರಲ್ಲಿ ಸೇರುವುದಿಲ್ಲ; ಅದಕ್ಕೆ ನೀವೇ ಜಾಗ ಹುಡುಕಬೇಕು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರ ಕಾಗದಪತ್ರ ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅವರ ದಿನಚರಿ 2019ರಲ್ಲಿ ಪುಸ್ತಕವಾಗಿ ಹೊರಬಂದದ್ದು ಆ ಸಂಗ್ರಹದಿಂದಲೇ. ಎಲ್ಲಿಗಾದರೂ ಕೊಡಿ, ಆದರೆ ಮೊದಲು ಹೋಗಿ ಅವರ ಗೋದಾಮು ನೋಡಿ. ಮೂಲೆಯಲ್ಲಿ ಬಕೆಟ್ ಇಟ್ಟಿದ್ದರೆ ಸೋರುತ್ತದೆಂದೇ ಅರ್ಥ.

ಹಾಳೆ ಕೊಟ್ಟ ಮಾತ್ರಕ್ಕೆ ಹಕ್ಕು ಕೊಟ್ಟ ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬದುಕಿದ್ದಾಗ ಪ್ರಕಟವಾದ ಕೃತಿಯ ಕೃತಿಸ್ವಾಮ್ಯ ಲೇಖಕ ತೀರಿಕೊಂಡ ಮೇಲೂ 60 ವರ್ಷ ವಾರಸುದಾರರದ್ದು. ಆದರೆ ಅಪ್ರಕಟಿತ ಕೃತಿಯ ಹಸ್ತಪ್ರತಿಯನ್ನು ಲೇಖಕ ಉಯಿಲಿನಲ್ಲಿ ಒಬ್ಬರಿಗೆ ಬರೆದಿಟ್ಟಿದ್ದರೆ, ಬೇರೆ ಮಾತು ಹೇಳದ ಹೊರತು ಕೃತಿಸ್ವಾಮ್ಯವೂ ಅವರಿಗೇ ಹೋಗುತ್ತದೆ. ಇದನ್ನೆಲ್ಲ ದಾನಪತ್ರದಲ್ಲಿ ಬಿಡಿಸಿ ಬರೆಸಿ. ಖಾಸಗಿ ಪತ್ರಗಳಿದ್ದರೆ ಸುಡಬೇಡಿ, ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದೆಂದು ಸೀಲ್ ಮಾಡಿಸಿ ಕೊಡಿ.

ಕಟ್ಟು, ಹಾಳೆಗಳ ಪಟ್ಟಿ ಎರಡು ಪ್ರತಿ ಮಾಡಿ. ಎರಡರ ಮೇಲೂ ಗ್ರಂಥಾಲಯದ ಮೊಹರು, ಸಹಿ, ತಾರೀಖು ಬೀಳುವವರೆಗೆ ಪೆಟ್ಟಿಗೆ ನಿಮ್ಮ ತೊಡೆಯ ಮೇಲೇ ಇರಲಿ. "ಸಾಹೇಬರು ಊಟಕ್ಕೆ ಹೋಗಿದ್ದಾರೆ, ಇಟ್ಟು ಹೋಗಿ" ಅಂದರೆ ಕಾಯುತ್ತೇನೆ ಅನ್ನಿ.