ಟೆರೇಸ್ ಮೇಲೆ ಡ್ರಮ್ಮಲ್ಲಿ ಸೀಬೆ ಗಿಡ

ಬೆಂಗಳೂರಲ್ಲಿ ಟೆರೇಸ್ ಮೇಲೆ ಹಣ್ಣಿನ ಗಿಡ ಹಾಕ್ಬೇಕು ಅನ್ನೋರಿಗೆ ನಾನು ಮೊದಲು ಹೇಳೋದು ಸೀಬೆ, ಯಾಕಂದ್ರೆ ಸೀಬೆ ಹೂ ಬಿಡೋದೇ ಹೊಸ ಚಿಗುರಲ್ಲಿ, ಕತ್ತರಿಸಿದಷ್ಟೂ ಚಿಗುರತ್ತೆ, ಕಾಯಿನೂ ಕಚ್ಚತ್ತೆ, ಗಿಡಾನೂ ಎದೆಮಟ್ಟದಲ್ಲೇ ನಿಲ್ಲತ್ತೆ. ಆರು ಗಂಟೆಯಾದ್ರೂ ಬಿಸಿಲು ಬೀಳೋ ಜಾಗ ಬೇಕು, ಅದಿಲ್ಲ ಅಂದ್ರೆ ದಯವಿಟ್ಟು ಸುಮ್ನೆ ದುಡ್ಡು ಹಾಕ್ಬೇಡಿ.

ಬೀಜದ ಗಿಡ ಬೇಡ, ಕಸಿ ಗಿಡ ತಗೊಳ್ಳಿ. ಅಲಹಾಬಾದ್ ಸಫೇದ ತಳಿ ಆಗ್ಬೋದು, ಕೆಂಪು ತಿರುಳು ಬೇಕಂದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ಕಿರಣ್. ಕಸಿ ಗಂಟಿನ, ಅಂದ್ರೆ ಕಸಿ ಕಟ್ಟಿರೋ ಜಾಗದ, ಕೆಳಗಿಂದ ಚಿಗುರು ಬಂದ್ರೆ ಕಂಡ ತಕ್ಷಣ ಕಿತ್ತಾಕಿ.

200 ಲೀಟರಿನ ನೀಲಿ ಡ್ರಮ್ಮನ್ನ ಅರ್ಧಕ್ಕೆ ಕತ್ತರಿಸಿದ್ರೆ ಎರಡು ಗಿಡಕ್ಕಾಯ್ತು, ಆದ್ರೆ ಕೆಮಿಕಲ್ ತುಂಬಿದ್ದ ಡ್ರಮ್ ಮಾತ್ರ ಬೇಡ. ತಳದಲ್ಲಿ ಏಳೆಂಟು ತೂತು, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ನೀರು ಸ್ಲ್ಯಾಬಲ್ಲಿ ನಿಲ್ಬಾರ್ದು. ಮಣ್ಣು ನೆನೆದಾಗ ಅರ್ಧ ಡ್ರಮ್ಮೇ ನೂರು ಕೆಜಿ ದಾಟತ್ತೆ, ಅದಕ್ಕೇ ನಡುಮಧ್ಯ ಇಡ್ದೆ ಗೋಡೆ ಅಥವಾ ಬೀಮ್ ಇರೋ ಕಡೆ ಇಡಿ. ಕೆಂಪು ಮಣ್ಣು ಎರಡು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು, ಎರೆಹುಳು ಗೊಬ್ಬರ ಒಂದು, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ, ಅಷ್ಟೇ.

ನೀರಿನ ವಿಷ್ಯದಲ್ಲೇ ಜಾಸ್ತಿ ಗಿಡ ಸಾಯೋದು. ಬೆರಳು ಎರಡು ಇಂಚು ಮಣ್ಣೊಳಗೆ ಹಾಕಿ ನೋಡಿ, ಒಣಗಿದ್ರೆ ತಳದಿಂದ ಇಳಿಯೋವರ್ಗೂ ಹಾಕಿ, ತೇವ ಇದ್ರೆ ಬಿಟ್ಬಿಡಿ. ಏಪ್ರಿಲ್‌ನಲ್ಲಿ ದಿನಾ ಬೇಕಾಗ್ಬೋದು, ಮಳೆಗಾಲದಲ್ಲಿ ವಾರಗಟ್ಟಲೆ ಬೇಡ. ಹಿಂಗೆ ನೀರಿಳಿದು ಸತ್ವ ತೊಳ್ಕೊಂಡು ಹೋಗತ್ತೆ, ಅದಕ್ಕೆ ತಿಂಗಳಿಗೊಂದ್ಸಲ ಎರಡು ಹಿಡಿ ಎರೆಹುಳು ಗೊಬ್ಬರ ಕೊಡ್ತಾ ಇರಿ.

ಮೊದಲ್ನೇ ವರ್ಷ ಬಂದ ಹೂವೆಲ್ಲ ಚಿವುಟಿ, ಸಂಕಟ ಆಗತ್ತೆ, ಆದ್ರೂ ಚಿವುಟಿ, ಬೇರು ಕೂರ್ಲಿ. ಆಮೇಲಿಂದ ಪ್ರತಿ ಫಸಲು ಮುಗಿದ ಮೇಲೆ ಎಲ್ಲಾ ಕೊಂಬೆನೂ ಮೂರನೇ ಒಂದು ಭಾಗ ಕತ್ತರಿಸಿ, ಹೆದರ್ಕೋಬೇಡಿ.

ಗಿಡದ ಮೇಲೆ ಇರುವೆ ಸಾಲು ಓಡಾಡ್ತಿದ್ರೆ ಎಲೆ ಹಿಂಭಾಗ ತಿರುಗಿಸಿ ನೋಡಿ, ಹತ್ತಿ ಥರ ಬಿಳಿ ಹಿಟ್ಟು ತಿಗಣೆ ಇರತ್ತೆ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಕಲ್ಸಿ ಸಂಜೆ ಹೊತ್ತು ಸ್ಪ್ರೇ ಮಾಡಿ. ಕಾಯಿ ನಿಂಬೆಹಣ್ಣಿನಷ್ಟಾದಾಗ್ಲೇ ಬಟ್ಟೆ ಚೀಲ ಕಟ್ಟಿ, ಇಲ್ಲಾಂದ್ರೆ ಹಣ್ಣುನೊಣ ಮೊಟ್ಟೆ ಇಟ್ಟು ಒಳಗೆಲ್ಲ ಹುಳ.

ಎರಡು ಮೂರು ವರ್ಷಕ್ಕೊಮ್ಮೆ ಮಳೆ ಶುರುವಾಗೋ ಮುಂಚೆ ಗಿಡ ಹೊರಗೆ ತೆಗೆದು, ಸುತ್ತ ಸುತ್ಕೊಂಡಿರೋ ಬೇರನ್ನ ಒಂದೆರಡು ಇಂಚು ಸವರಿ, ಹೊಸ ಮಣ್ಣು ಹಾಕಿ ಅದೇ ಡ್ರಮ್ಮಲ್ಲೇ ಕೂರ್ಸಿ, ಒಂದು ವಾರ ನೆರಳು ಕೊಡಿ.