ಮೊದಲು ಕಟ್ಟಿಗೆಯ ಬಂದೂಕು, ಆಮೇಲೆ ರೈಫಲ್: ನನ್ನ ಅನುಭವ

ಕಳೆದ ವರ್ಷ ರಾಜ್ಯಮಟ್ಟದ ಪಂದ್ಯ ಮುಗಿಸಿ ಧಾರವಾಡಕ್ಕೆ ಬಂದ ಮೂರನೇ ದಿನ ಒಂದು ಫೋನ್ ಬಂತು. ಮಾಡಿದವರು ಶೂಟಿಂಗ್ ಕಲಿಸುವುದರಲ್ಲಿ ನನಗಿಂತ ಹಿರಿಯರು. ಮೂರು ವರ್ಷದ ಹಿಂದೆ, ನಾನು ಮಕ್ಕಳಿಗೆ ಏರ್ ರೈಫಲ್ (ಒತ್ತಿದ ಗಾಳಿಯಿಂದ ಗುಂಡು ಹಾರಿಸುವ ಬಂದೂಕು) ಹೊಡೆಯಲು ಕಲಿಸುವ ಗೋದಾಮಿಗೆ ಬಂದವರು, ಗೋಡೆಗೆ ಸಾಲಾಗಿ ಆನಿಸಿಟ್ಟ ಕಟ್ಟಿಗೆಯ ಬಂದೂಕು ನೋಡಿ, "ನೀವು ಶೂಟಿಂಗ್ ಕಲಸ್ತೀರೋ, ಬಡಿಗತನ ಮಾಡ್ತೀರೋ?" ಅಂದು ಚಹಾ ಸಹ ಕುಡಿಯದೆ ಹೋಗಿದ್ದರು. ಈಗ ಕೇಳಿದ್ದು, "ಸರ, ಆ ಕಟ್ಟಿಗಿ ಬಂದೂಕಿನ ಅಳತಿ ಒಂದೀಟು ಕಳಸ್ತೀರೇನ್ರಿ?" ಅಂತ. ಕಳಿಸಿದೆ. ಪೂರ್ತಿ ಕಳಿಸಲಿಲ್ಲ. ಈ ಅಳತೆಗೆ ನಾನು ಕಳೆದುಕೊಂಡ ರೊಕ್ಕ ಎಷ್ಟು ಅನ್ನುವುದು ನನಗೇ ಗೊತ್ತು.

ಬ್ಯಾಡಗಿ ತಾಲೂಕಿನ ನಮ್ಮ ಹಳ್ಳಿಮನೆಯಲ್ಲಿ ಅಜ್ಜನ ಕಾಲದ ಹನ್ನೆರಡು ಬೋರಿನ ಒಂಟಿ ನಳಿಗೆ ಬಂದೂಕಿತ್ತು. ಬೆಳೆ ಕಾಯಲು ಅಂತ ಲೈಸೆನ್ಸು. ಇಲೆಕ್ಷನ್ ಬಂದಾಗಲೆಲ್ಲ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದು ಜಮಾ ಮಾಡಿ ಬರುತ್ತಿದ್ದ. ನನಗೆ ಹನ್ನೊಂದು ವರ್ಷ ಇದ್ದಾಗ ಕಾಕಾ ಹೊಲದಲ್ಲಿ "ಹೊಡಿ ತಮ್ಮಾ" ಅಂತ ಅದನ್ನೇ ಕೈಗಿಟ್ಟ. ಭುಜ ಹದಿನೈದು ದಿನ ಕಪ್ಪಾಗಿತ್ತು. ಭುಜದ ನೋವು ಹೋಯಿತು, ಅಂಜಿಕೆ ಹೋಗಲಿಲ್ಲ. ಮುಂದೆ ನಾಲ್ಕೈದು ವರ್ಷ ಯಾವ ಬಂದೂಕು ಹಿಡಿದರೂ ಟ್ರಿಗರ್ ಎಳೆಯುವ ಮೊದಲೇ ನನ್ನ ಕಣ್ಣು ಮುಚ್ಚುತ್ತಿತ್ತು. ಮೊದಲ ಬಂದೂಕು ತಪ್ಪಿದರೆ ಹುಡುಗನ ಕೈ ಕೆಡುತ್ತದೆ ಅಂತ ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅನ್ನುವುದಕ್ಕೆ ಇದೇ ಕಾರಣ.

ಹಾವೇರಿ, ಗದಗ ಕಡೆಯಿಂದ ಮಕ್ಕಳನ್ನು ಕರೆತರುವ ಅಪ್ಪಂದಿರಲ್ಲಿ ಸುಮಾರು ಜನ ಶಿಕಾರಿ ಮನೆತನದವರು. ಮುತ್ತಜ್ಜ ಹುಲಿ ಹೊಡೆದ ಫೋಟೋ ಮನೆಯಲ್ಲಿರುತ್ತದೆ. ಅವರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ: 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿಯಿತು, ನನ್ನ ಹತ್ತಿರ ಕಲಿತವರು ಕಾಗದಕ್ಕೆ ಮಾತ್ರ ಹೊಡೆಯಬೇಕು. ಒಬ್ಬ ಹುಡುಗ ಏರ್ ರೈಫಲ್ ಹಿಡಿದು ಮಾಗಡಿ ಕೆರೆ ದಂಡೆಗೆ ಹೋಗಿದ್ದ ಅಂತ ಗೊತ್ತಾದ ದಿನ ಅವನ ಫೀ ವಾಪಸು ಕೊಟ್ಟು ಮನೆಗೆ ಕಳಿಸಿದೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಅವನು ಹೊಡೆದಿರಲಿಲ್ಲ, ಬರೀ ಗುರಿ ಹಿಡಿದಿದ್ದನಂತೆ. ನನಗೆ ಅಷ್ಟೇ ಸಾಕಾಯಿತು.

ಈಗ ರೊಕ್ಕದ ವಿಷಯ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದಾಗಿನಿಂದ ನನ್ನ ತಲೆಯಲ್ಲಿ ಈ ಹುಚ್ಚು. ಗೋದಾಮು ಬಾಡಿಗೆ ಹಿಡಿದು ಗುರಿ ಹೊಡೆಯುವ ಮೂರು ಲೇನ್ ಹಾಕಿದ್ದು ಎಷ್ಟೋ ವರ್ಷದ ಮೇಲೆ. ಆಗ ಎಲ್ಲರೂ ಹೇಳಿದ್ದು ಒಂದೇ, ಜರ್ಮನಿ ಮಾಲು ಇಲ್ಲದೆ ಆಗೂದಿಲ್ಲ ಅಂತ. ಆ ವರ್ಷದ ಮೆಣಸಿನಕಾಯಿ ರೊಕ್ಕ ಕೈಯಲ್ಲಿತ್ತು. ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು ಕೊಟ್ಟು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್, ಅಂದರೆ ಪಂದ್ಯಕ್ಕೆಂದೇ ಮಾಡಿದ್ದು, ತಂದೆ. ನೋಡಲು ಕಣ್ಣಿಗೆ ಹಬ್ಬ. ತಂದು ಎರಡು ತಿಂಗಳಿಗೆ ಪಂದ್ಯವೊಂದರ ಸಾಮಾನು ತಪಾಸಣೆಯಲ್ಲಿ ಅದರ ಒತ್ತಿದ ಗಾಳಿಯ ಸಿಲಿಂಡರ್ ತಿರುವಿ ತಾರೀಖು ನೋಡಿದರು. ಅಲ್ಯೂಮಿನಿಯಂ ಸಿಲಿಂಡರಿನ ಆಯುಷ್ಯ ಹತ್ತು ವರ್ಷ, ಇದಕ್ಕೆ ಹನ್ನೊಂದು ದಾಟಿತ್ತು. ಪಂದ್ಯಕ್ಕೆ ಬಂದಿದ್ದ ನಮ್ಮ ಹುಡುಗ ಒಂದೂ ಗುಂಡು ಹೊಡೆಯದೆ ಶೂಟಿಂಗ್ ಜಾಕೆಟ್ ಬಿಚ್ಚಿದ. ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ. ಹೊಸ ಸಿಲಿಂಡರಿಗೆ ಮೂವತ್ತು ಸಾವಿರದ ಹತ್ತಿರ ಬಿತ್ತು. ನೀವು ಹಳೆಯದು ಕೊಳ್ಳುವವರಿದ್ದರೆ ರೈಫಲ್ ಮುಟ್ಟುವ ಮೊದಲು ಸಿಲಿಂಡರಿನ ಮೇಲೆ ಒತ್ತಿದ ತಾರೀಖು ಓದಿ.

ಹೊಸ ಸಿಲಿಂಡರ್ ಬಂದ ಮೇಲಾದರೂ ಕೆಲಸ ಆಯಿತೇ? ಇಲ್ಲ. ರೈಫಲ್ ತೂಕ ನಾಲ್ಕೂವರೆ ಕಿಲೋ ಮೇಲೆ. ನಿಯಮದ ಪ್ರಕಾರ ಐದೂವರೆ ಕಿಲೋವರೆಗೆ ನಡೆಯುತ್ತದೆ, ಆದರೆ ಅದು ದೊಡ್ಡವರ ಮಾತು. ಮೂವತ್ತೆರಡು ಕಿಲೋದ ಹುಡುಗ ಅದನ್ನು ಹಿಡಿಯಲು ಸೊಂಟ ಹಿಂದಕ್ಕೆ ಬಾಗಿಸಿ ಬಿಲ್ಲಿನಂತೆ ನಿಲ್ಲುತ್ತಿದ್ದ. ಆರು ತಿಂಗಳಿಗೆ ಬೆನ್ನು ನೋವು ಶುರುವಾಯಿತು. ಅವರ ತಾಯಿ ಬಂದು, "ನಮ್ಮ ಹುಡುಗ್ಗ ಈ ಆಟ ಬ್ಯಾಡ್ರಿ ಸರ" ಅಂದು ಕರಕೊಂಡು ಹೋದರು. ಚಲೋ ಕೈ ಇದ್ದ ಹುಡುಗ. ಇವತ್ತಿಗೂ ಅವನ ನೆನಪಾದರೆ ನನಗೆ ಬೇಜಾರಾಗುತ್ತದೆ.

ಆಮೇಲೆ ನಮ್ಮ ದೇಶದಲ್ಲೇ ಮಾಡಿದ ಸ್ಪ್ರಿಂಗ್ ರೈಫಲ್ ಎರಡು ತಂದೆ. ನಳಿಗೆ ಮಡಚಿ ಒಳಗಿನ ಸ್ಪ್ರಿಂಗು ಹೂಡುವಂಥವು, ಟ್ರಿಗರ್ ಎಳೆದರೆ ಆ ಸ್ಪ್ರಿಂಗು ಪಿಸ್ಟನ್ ದೂಡಿ ಗಾಳಿ ಒತ್ತುತ್ತದೆ. ಒಂದಕ್ಕೆ ಹದಿನಾಲ್ಕು ಸಾವಿರ ಬಿದ್ದ ನೆನಪು. ಬೋರು ಅಂದರೆ ನಳಿಗೆಯ ಒಳಗಲ 0.177 ಇಂಚು, ಹೊಡೆತದ ಶಕ್ತಿ ಇಪ್ಪತ್ತು ಜೂಲ್ ಒಳಗಿನದು, ಆದ್ದರಿಂದ ಲೈಸೆನ್ಸ್ ತಂಟೆ ಇಲ್ಲ. ಇಲ್ಲಿ ಮಾಡಿದ ತಪ್ಪು ಪೂರಾ ನನ್ನದೇ. ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ ದಿನಾ ನೂರು ಸಲ ಮಾಡಿರಿ ಅಂತ ಮಕ್ಕಳಿಗೆ ಹೇಳಿ ಮನೆಗೆ ಕೊಟ್ಟು ಕಳಿಸಿದೆ. ಮ್ಯಾಚ್ ರೈಫಲ್‌ಗೆ ಅದಕ್ಕೆಂದೇ ವ್ಯವಸ್ಥೆ ಇರುತ್ತದೆ, ಸ್ಪ್ರಿಂಗ್ ರೈಫಲ್‌ಗೆ ಇಲ್ಲ. ಮುಂದೆ ಗುಂಡಿನ ತಡೆ ಇಲ್ಲದಿದ್ದರೆ ಗಾಳಿಯ ಮೆತ್ತೆ ಸಿಗದೆ ಪಿಸ್ಟನ್ ಹೋಗಿ ಗೋಡೆಗೆ ಗುದ್ದಿದಂತೆ ಗುದ್ದುತ್ತದೆ. ಒಂದೂವರೆ ತಿಂಗಳಲ್ಲಿ ಎರಡರ ಸೀಲೂ ಹರಿದವು, ಒಂದರ ಸ್ಪ್ರಿಂಗು ತುಂಡಾಯಿತು.

ಅಲ್ಲಿಗೆ ಮಕ್ಕಳ ಕೈಗೆ ಕೊಡುವಂಥ ಹಗುರ ರೈಫಲ್ಲೇ ನನ್ನ ಹತ್ತಿರ ಇರಲಿಲ್ಲ. ರಿಪೇರಿ ಆಗಿ ಬರುವವರೆಗೆ ಏನಾದರೂ ಹಿಡಿಯಲಿ ಅಂತ ನಮ್ಮ ಓಣಿಯ ಬಡಿಗ್ಯಾರ ಮಾಮಾನ ಹತ್ತಿರ ಹಳೆಯ ಬಾಗಿಲ ಚೌಕಟ್ಟಿನ ಸಾಗವಾನಿಯಲ್ಲಿ ಬಂದೂಕಿನ ಆಕಾರ ಕೊರೆಸಿದೆ. ನಳಿಗೆಯ ಜಾಗದಲ್ಲಿ ನೀರಿನ ಪೈಪಿನ ತುಂಡು. ಎಲ್ಲ ಸೇರಿ ಒಂಬೈನೂರು ರೂಪಾಯಿ. ತೂಗಿದರೆ ಒಂದು ಕಿಲೋ ಆರುನೂರು ಗ್ರಾಂ.

ತೂಕದ ಕಾಟ ನೋಡಿದ್ದೆನಲ್ಲ, ಹಾಗಾಗಿ ಕಟ್ಟಿಗೆಯಲ್ಲಿ ತೂತು ಕೊರೆಸಿ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ತುಂಬಿ ವಾರಕ್ಕೆ ನೂರು ಗ್ರಾಂ ಏರಿಸುತ್ತ ಹೋದೆ. ಕೀಲಿಕೈ ಗೊಂಚಲಿಗೆ ಹಾಕುವ ಐವತ್ತು ರೂಪಾಯಿಯ ಲೇಸರ್ ಲೈಟನ್ನು ಪೈಪಿಗೆ ಕಟ್ಟಿ, ಹತ್ತು ಮೀಟರ್ ದೂರದ ಗೋಡೆಗೆ ಟಾರ್ಗೆಟ್ ಕಾಗದ ಹಚ್ಚಿದೆ. ಆ ಹೊತ್ತು ಗೋಡೆಯ ಕಡೆ ಯಾರೂ ನಿಲ್ಲುವಂತಿಲ್ಲ, ಲೇಸರ್ ಕಣ್ಣಿಗೆ ಕೆಟ್ಟದ್ದು. ಕೆಂಪು ಚುಕ್ಕೆ ನಡುಗುವುದು ಕಾಗದದ ಮೇಲೆ ಸ್ಪಷ್ಟ ಕಾಣುತ್ತದೆ. ಕಾಗದದ ನಡುವಿನ ದುಂಡನೆಯ ಕರಿಭಾಗದ ಅಗಲ 30.5 ಮಿಲಿಮೀಟರ್. ಹತ್ತು ಸೆಕೆಂಡು ಹಿಡಿದಾಗ ಚುಕ್ಕೆ ಕರಿಭಾಗ ಬಿಟ್ಟು ಹೊರಗೆ ಹೋಗಬಾರದು. ಹತ್ತರಲ್ಲಿ ಎಂಟು ಸಲ ಹಾಗೆ ನಿಂತರೆ ಮುಂದಿನ ವಾರ ಸೀಸ ಏರಿಸುತ್ತೇನೆ. ಎರಡು ವಾರ ಬಿಡದೆ ಹೊರಗೆ ಹೋದರೆ ಅದೇ ಆ ಮಗುವಿನ ಗಡಿ. ಆ ಗಡಿಯಿಂದ ಅರ್ಧ ಕಿಲೋ ಕಳೆದರೆ ಬರುವ ತೂಕವೇ ಅದರ ಮೊದಲ ರೈಫಲಿನ ತೂಕ. ಅಷ್ಟೇ ನನ್ನ ಲೆಕ್ಕ.

ಸೀಸವನ್ನು ಬಂದೂಕಿನ ಯಾವ ಜಾಗದಲ್ಲಿ, ಯಾವ ವಾರ ತುಂಬುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಗುಟ್ಟು ಅದರಲ್ಲೇ ಇದೆ. ಗೋದಾಮಿಗೆ ಬಂದವರಿಗೆ ಕೈಹಿಡಿದು ತೋರಿಸುತ್ತೇನೆ. ಸೀಸ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಯಾರೂ ಊಟದ ಡಬ್ಬಿ ಬಿಚ್ಚಬಾರದು, ಇದು ಮಾತ್ರ ಎಲ್ಲರಿಗೂ.

ತಂದೆ-ತಾಯಿ ಸಿಟ್ಟಾದರು. "ಗ್ವಾಡಿಗೆ ಕಟ್ಟಿಗಿ ಹಿಡದು ನಿಲ್ಲಾಕ ತಿಂಗಳಿಗೆ ಎರಡು ಸಾವಿರ ಯಾಕ ಕೊಡಬೇಕ್ರಿ?" ಅಂತ ಕೆಲವರು ಬಿಟ್ಟೇ ಹೋದರು. ಹನ್ನೆರಡು ಮಕ್ಕಳಲ್ಲಿ ಉಳಿದವರು ಏಳು. ಗೋದಾಮಿನ ಬಾಡಿಗೆ ಆರು ತಿಂಗಳು ಹೊಲದ ರೊಕ್ಕದಿಂದಲೇ ಕಟ್ಟಿದೆ.

ಮುಂದಿನದು ಉದ್ದಳತೆ. ಬಟ್ಟನ್ನು, ಅಂದರೆ ಬಂದೂಕಿನ ಭುಜಕ್ಕೆ ಆನುವ ಹಿಂಭಾಗವನ್ನು, ಮೊಣಕೈ ಒಳಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸಲೀಸಾಗಿ ತಾಗಬೇಕು. ಆದರೆ ಅಂಗಡಿಯ ರೈಫಲ್ ಬರುವುದು ದೊಡ್ಡವರ ಅಳತೆಗೆ, ಬಟ್ಟಿನ ತುದಿಯಿಂದ ಟ್ರಿಗರಿಗೆ ಹದಿನಾಲ್ಕು ಇಂಚು. ಹನ್ನೊಂದು ವರ್ಷದ ಹುಡುಗಿಗೆ ಹನ್ನೊಂದೂವರೆ ಬೇಕಿತ್ತು. ರಿಪೇರಿಯಾಗಿ ಬಂದ ರೈಫಲನ್ನು ಮಾಮಾನ ಮುಂದಿಟ್ಟು ಪೆನ್ಸಿಲ್ ಗೆರೆ ಎಳೆದೆ. ಗರಗಸ ಹಿಡಿದವನು ಕೆಳಗಿಟ್ಟ.

"ಸರ, ಹದಿನಾಕ್ ಸಾವಿರದ್ದ ಸಾಮಾನ. ಕೊಯ್ಯೂದಾ?"

"ಕೊಯ್ಯಿ ಮಾಮಾ."

"ಇನ್ನೊಮ್ಮೆ ವಿಚಾರ ಮಾಡ್ರಿ. ಕೊಯ್ದ ಮ್ಯಾಲೆ ಕೂಡಾಂಗಿಲ್ಲ."

ಅಲ್ಲೇ ನನಗೆ ಹೊಳೆದದ್ದು. ಕೊಯ್ದ ತುಂಡನ್ನು ಅರ್ಧರ್ಧ ಇಂಚಿನ ಬಿಲ್ಲೆ ಮಾಡಿಸಿ, ಎರಡು ಉದ್ದ ಸ್ಕ್ರೂ ಹಾಕಿ ಮತ್ತೆ ಕೂಡಿಸುವಂತೆ ಮಾಡಿದೆವು. ಹುಡುಗಿ ಬೆಳೆದಂತೆ ಒಂದೊಂದು ಬಿಲ್ಲೆ ವಾಪಸು ಸೇರುತ್ತದೆ. ಎರಡು ವರ್ಷದಲ್ಲಿ ಮೂರು ಬಿಲ್ಲೆ ಸೇರಿವೆ. ಮಾಮಾ ಈಗ ಆ ರೈಫಲ್ ಯಾರು ಕೇಳಿದರೂ "ನಾ ಮಾಡಿದ್ದು" ಅನ್ನುತ್ತಾನೆ. ಅದು ಖರೆ ಮಾತೇ.

ಅದೇ ಹುಡುಗಿಯ ಇನ್ನೊಂದು ಕತೆ. ಕಟ್ಟಿಗೆ ಬಂದೂಕಿನಲ್ಲಿ ಚುಕ್ಕೆ ಬಂಡೆಯಂತೆ ನಿಲ್ಲುತ್ತಿತ್ತು, ನಿಜವಾದ ರೈಫಲ್ ಕೊಟ್ಟರೆ ಗುಂಡು ಹರಿದಾಡುತ್ತಿದ್ದವು. ನಾಲ್ಕು ತಿಂಗಳು ಗುರಿ ನೋಡುವ ಸೈಟ್ ತಿರುವಿದೆ, ಗುಂಡು ಬದಲಿಸಿದೆ, ಅವಳನ್ನೇ ಬೈದೆ. ಕಡೆಗೆ ಒಂದು ದಿನ ಕಾಗದದಲ್ಲಿ ತೂತು ಮಾಡಿ ಎರಡೂ ಕಣ್ಣು ತೆರೆದು ದೂರದ ಬಲ್ಬು ನೋಡು ಅಂದೆ. ಬಲಗಣ್ಣು ಮುಚ್ಚಿದರೂ ಬಲ್ಬು ಕಾಣುತ್ತಿತ್ತು. ಬಲಗೈ ಹುಡುಗಿ, ಆದರೆ ಆಳುವ ಕಣ್ಣು, ಅಂದರೆ ಗುರಿ ಹಿಡಿಯುವಾಗ ಮುಂದಾಗುವ ಕಣ್ಣು, ಎಡಗಣ್ಣು. ಎಡಗಣ್ಣಿಗೆ ಹಾಲುಬಣ್ಣದ ಪ್ಲಾಸ್ಟಿಕ್ ಪಟ್ಟಿ ಅಡ್ಡ ಹಿಡಿಸಿದೆ. 30 ಮಿಲಿಮೀಟರ್ ಅಗಲದವರೆಗೆ ಪಂದ್ಯದಲ್ಲೂ ನಡೆಯುತ್ತದೆ. ಕಣ್ಣು ಮುಚ್ಚಿಸಬೇಡಿ, ಮುಖದ ಸ್ನಾಯು ಬಿಗಿದು ಇನ್ನೊಂದು ಕಣ್ಣೂ ದಣಿಯುತ್ತದೆ. ವಾರದಲ್ಲಿ ಗುಂಡುಗಳು ಒಂದು ರೂಪಾಯಿ ನಾಣ್ಯದಗಲಕ್ಕೆ ಬಂದವು. ಈಗ ನನ್ನ ಹತ್ತಿರ ಬರುವ ಪ್ರತಿ ಮಗುವಿಗೂ ಹೆಸರು ಬರೆದುಕೊಳ್ಳುವ ಮೊದಲೇ ಕಣ್ಣು ನೋಡುತ್ತೇನೆ, ಯಾಕೆಂದರೆ ಸ್ಟಾಕು, ಅಂದರೆ ಬಂದೂಕಿನ ಹಿಡಿ, ಎಡಗೈಯದೋ ಎರಡೂ ಕೈಯದೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ.

ನಡುವೆ ಗುಂಡಿನ ಮೇಲೂ ಒಂದು ಮಳೆಗಾಲ ಕಳೆದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹೊರಗೆ ಕೆಲಸವೂ ಇರಲಿಲ್ಲ. ಹುಬ್ಬಳ್ಳಿಯ ಪರಿಚಯದ ಅಕ್ಕಸಾಲಿಗರ ಬಂಗಾರದ ತಕ್ಕಡಿ ನಾಲ್ಕು ದಿನಕ್ಕೆ ಕಡ ತಂದು ಐದುನೂರು ಗುಂಡು ಒಂದೊಂದಾಗಿ ತೂಗಿದೆ. ಮ್ಯಾಚ್ ಗುಂಡಿನ ಡಬ್ಬಿಯಲ್ಲಿ ಎಲ್ಲವೂ 0.53 ಗ್ರಾಂ ಸುತ್ತಮುತ್ತ. ಅಗ್ಗದ ಡಬ್ಬಿಯಲ್ಲಿ 0.47ರಿಂದ 0.57ರವರೆಗೆ ಹರಡಿದ್ದವು. ತೂಕ ನೋಡಿ ಬೇರೆ ಬೇರೆ ಮಾಡಿ, ರೈಫಲನ್ನು ಮರಳಚೀಲದ ಮೇಲಿಟ್ಟು ಹೊಡೆದು ನೋಡಿದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಆರಿಸಿದ ಅಗ್ಗದ ಗುಂಡೂ ಮ್ಯಾಚ್ ಗುಂಡಿನ ಹತ್ತಿರ ಬರುತ್ತದೆ. ಮಗುವಿನ ಕೈಯ ನಡುಕವೇ ದೊಡ್ಡದಿರುವಾಗ ಮೊದಲ ಮೂರು ನಾಲ್ಕು ತಿಂಗಳು ದುಬಾರಿ ಗುಂಡಿಗೆ ರೊಕ್ಕ ಸುಡಬೇಡಿ. ಟಾರ್ಗೆಟ್ ಕಾಗದದ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. ಆ ಚುಕ್ಕೆಯ ಮಾತು ಶುರುವಾಗುವ ಹೊತ್ತಿಗೆ ಒಳ್ಳೆ ಗುಂಡು ತನ್ನಿ. ಅದೇ ಮಳೆಗಾಲದಲ್ಲಿ ಸ್ಪ್ರಿಂಗಿನ ಗ್ರೀಸನ್ನೂ ನಾಲ್ಕು ತರಹ ಬೆರೆಸಿ ನೋಡಿದೆ. ಒಂದು ಹದ ಸಿಕ್ಕಿದೆ, ಅದು ನನ್ನಲ್ಲೇ ಇರಲಿ.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ರೈಫಲ್ ಶೂಟಿಂಗ್‌ನಲ್ಲಿ ಕಂಚು ಗೆದ್ದಾಗ ನನ್ನ ಫೋನಿಗೆ ಬಿಡುವಿರಲಿಲ್ಲ. ಕೊಲ್ಹಾಪುರ ನಮಗೆ ಪಕ್ಕದ ಊರಿದ್ದಂತೆ, ಎಲ್ಲರಿಗೂ ನಮ್ಮ ಹುಡುಗನೇ ಗೆದ್ದಷ್ಟು ಹುರುಪು. "ಅದೇ ರೈಫಲ್ ಕೊಡಸ್ರಿ" ಅಂತ ಕೇಳಿದವರೇ ಹೆಚ್ಚು. ಅವರು ಗೆದ್ದದ್ದು ಐವತ್ತು ಮೀಟರ್‌ನಲ್ಲಿ, ಪಾಯಿಂಟ್ ಟೂಟೂ (0.22 ಬೋರಿನ, ಮದ್ದಿನ ಗುಂಡಿನ) ರೈಫಲ್‌ನಿಂದ, ಅದಕ್ಕೆ ಲೈಸೆನ್ಸ್ ಬೇಕು. ಹತ್ತು ವರ್ಷದ ಮಗುವಿಗೆ ಅದರ ಮಾತೇ ಬೇಡ. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: ಗಡಿ ಗೊತ್ತಾಗುವವರೆಗೆ ಮಗುವನ್ನು ಕಟ್ಟಿಗೆ ಬಂದೂಕಿಗೆ ಬಿಡಿ, ಆಮೇಲೆ ಯಾವ ರೈಫಲ್ ಅಂತ ನಾನೇ ಬರೆದುಕೊಡುತ್ತೇನೆ.

ಬರೆದುಕೊಡುವುದು ಬಹುಮಟ್ಟಿಗೆ ಹೀಗಿರುತ್ತದೆ. ಗಡಿ ಮೂರೂವರೆ ಕಿಲೋ ಒಳಗೆ ಬಂದರೆ ದೇಶದ ಹಗುರ ಸ್ಪ್ರಿಂಗ್ ರೈಫಲ್, ಬಟ್ಟು ಕೊಯ್ದು, ಓಪನ್ ಸೈಟಿನಲ್ಲೇ (ಬರೀ ಕಚ್ಚು, ಮೊನೆ ಕೂಡಿಸಿ ಗುರಿ ನೋಡುವುದು) ಒಂದು ವರ್ಷ. ಹೂಡುವುದು ನಾನು ಅಥವಾ ದೊಡ್ಡ ಹುಡುಗರು, ಮಗು ಅಲ್ಲ. ಅರ್ಧ ಮಡಚಿದ ನಳಿಗೆ ಕೈಜಾರಿ ಹೊಡೆದರೆ ಬೆರಳು ಉಳಿಯುವುದಿಲ್ಲ. ಸ್ಪ್ರಿಂಗ್ ರೈಫಲ್ ಮುಂದಕ್ಕೂ ಹಿಂದಕ್ಕೂ ಜಗ್ಗುತ್ತದೆ, ಅದರಲ್ಲಿ ಕಲಿತವನು ಗುಂಡು ನಳಿಗೆ ಬಿಡುವವರೆಗೆ ಅಲುಗಾಡದೆ ನಿಲ್ಲುವುದನ್ನು ಕಲಿಯುತ್ತಾನೆ. ಗಡಿ ನಾಲ್ಕು ಕಿಲೋ ದಾಟಿದ ಮೇಲೆ ಪೀಪ್ ಸೈಟು (ಸಣ್ಣ ತೂತಿನಲ್ಲಿ ಗುರಿ ನೋಡುವುದು), ಸಿಲಿಂಡರಿನ ರೈಫಲ್ಲು, ಅದೂ ಆದರೆ ಜೂನಿಯರ್ ಅಳತೆಯದು. ಲಕ್ಷದ ಮಾತು ಹದಿನಾಲ್ಕು ವರ್ಷದ ಮೇಲೆ.

ಕಳೆದ ವರ್ಷದ ರಾಜ್ಯಮಟ್ಟದ ಪಂದ್ಯಕ್ಕೆ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನಾಲ್ವರದೂ ಕೊಯ್ದ ಬಟ್ಟಿನ ರೈಫಲ್. ಪಕ್ಕದ ಲೇನಿನ ಮಕ್ಕಳ ಕೈಯಲ್ಲಿ ಎರಡೂವರೆ ಮೂರು ಲಕ್ಷದ ಸಾಮಾನು. 400ಕ್ಕೆ ನಮ್ಮ ಇಬ್ಬರು 360 ದಾಟಿದರು, ಎಡಗಣ್ಣಿನ ಹುಡುಗಿ 371 ಹೊಡೆದಳು. ಅಂಕಪಟ್ಟಿ ಅಂಟಿಸಿದ ಗೋಡೆಯ ಹತ್ತಿರ ಒಬ್ಬರು ಅವಳ ರೈಫಲ್ ತಿರುವಿ ಬಿಲ್ಲೆಗಳ ಗೆರೆ ಸವರಿ ನೋಡಿ, ಇದು ಎಲ್ಲಿಯ ಮಾಲು ಅಂತ ಕೇಳಿದರು. ಬಡಿಗ್ಯಾರ ಮಾಮಾನ ಹೆಸರು ಹೇಳಿ ಬಂದೆ.

ಈಗ ಗೋಡೆಗೆ ಒಂಬತ್ತು ಕಟ್ಟಿಗೆ ಬಂದೂಕು ಇವೆ, ಒಂದೊಂದರ ಮೇಲೂ ಮಗುವಿನ ಹೆಸರು, ಈ ವಾರದ ತೂಕ ಸುಣ್ಣದ ಕಡ್ಡಿಯಲ್ಲಿ. ಗದುಗಿನಿಂದ ಬರುವ ಒಬ್ಬ ಹುಡುಗನದು ಎರಡು ಕಿಲೋ ಒಂಬೈನೂರಕ್ಕೆ ಬಂದಿದೆ. ಅವರಪ್ಪ ರೊಕ್ಕ ಜೋಡಿಸಿಟ್ಟುಕೊಂಡು ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ. ಯುಗಾದಿವರೆಗೆ ತಡೀರಿ ಅಂತ ಹೇಳಿದ್ದೇನೆ, ಚುಕ್ಕೆ ಇನ್ನೂ ಕರಿಭಾಗದ ಒಳಗೇ ಇದೆ.